ಹುಲಿಗೆ ಕಾಣದ ಸೀರೆ

ಸಫಾರಿಗೆ ಬ್ಯಾಗು ತುಂಬುವುದು ಹೇಗೆಂದು ನಾನು ಎಷ್ಟು ವಿಡಿಯೋ ನೋಡಿದ್ದೆನೆಂದರೆ, ಬಂಡೀಪುರದ ಹುಲಿಗಳೇ ಎಲ್ಲಿಗಾದರೂ ಹೊರಟಿದ್ದರೆ ಅವುಗಳ ಬ್ಯಾಗನ್ನೂ ತುಂಬಿಕೊಡಬಹುದಿತ್ತು. ಟಾರ್ಚು, ಹಗ್ಗ, ಜಿಗಣೆಗೆಂದು ಉಪ್ಪು, ಎಲ್ಲ ಇಟ್ಟುಕೊಂಡೆ. ಬೇಸಿಗೆಯಲ್ಲಿ ಜಿಗಣೆ ಎಲ್ಲಿಂದ ಬರಬೇಕು? ಉಪ್ಪನ್ನು ಕೊನೆಗೆ ಮಾವಿನಕಾಯಿಗೆ ಹಚ್ಚಿಕೊಂಡು ತಿಂದೆವು.

ಎಲ್ಲ ವಿಡಿಯೋಗಳೂ ಹೇಳಿದ್ದು ಒಂದೇ ಮಾತು: ಕಾಡಿನಲ್ಲಿ ಕಾಡಿನ ಬಣ್ಣವನ್ನೇ ತೊಡಬೇಕು. ಚಳ್ಳಕೆರೆ ಪೇಟೆಗೆ ಹೋಗಿ ಮೈತುಂಬ ಜೇಬಿರುವ ಪ್ಯಾಂಟು ತಂದೆ. ಅದನ್ನು ಹಾಕಿ ತೋರಿಸಿದಾಗ ಅಂಗಡಿಯವರು, ಮಿಲಿಟರಿಗೆ ಸೇರಿದೆಯೋ, ಅಲ್ಲಿಂದ ಓಡಿ ಬಂದೆಯೋ ಎಂದು ವಿಚಾರಿಸಿದರು.

ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಜೊತೆಗೆ ಹೊರಟಿದ್ದ ಅವ್ವನ ಬ್ಯಾಗಿಗೂ ಕೈ ಹಾಕಿದೆ.

ನಮ್ಮದು ಮೊಳಕಾಲ್ಮೂರು, ನೇಕಾರರ ಊರು. ಅವ್ವ ಮದುವೆಯಾದಾಗಿನಿಂದ ಬೇರೆಯವರ ಮಗ್ಗಗಳಿಗೆ ರೇಷ್ಮೆ ನೂಲು ಸುತ್ತಿಕೊಟ್ಟವಳು. ಆ ನೂಲು ಸೀರೆಯಾಗಿ ಯಾರ್ಯಾರ ಮದುವೆಗೋ ಹೋಗುತ್ತಿತ್ತು. ತನ್ನದೆನ್ನುವ ಒಂದು ರೇಷ್ಮೆ ಸೀರೆ ಅವಳಿಗೆ ಬಂದದ್ದು ಹೋದ ವರ್ಷ. ಅರಿಶಿನದ ಮೈ, ಕೆಂಪಂಚು. ಎಲ್ಲಾದರೂ ದೂರ ಹೋಗುವಾಗ ಉಡಬೇಕೆಂದು ಮಡಿಕೆ ಬಿಚ್ಚದೆ ಇಟ್ಟಿದ್ದಳು. ಹಾಗೆ ದೂರ ಹೊರಟದ್ದು ಇದೇ ಮೊದಲು. ಬ್ಯಾಗಿನಲ್ಲಿ ಎಲ್ಲದಕ್ಕಿಂತ ಮೇಲೆ ಅದೇ ಕೂತಿತ್ತು.

ನಾನು ಅದನ್ನು ತೆಗೆದು ಬೀರುವಿಗಿಟ್ಟೆ. ಕೆಂಪು ಕಂಡರೆ ಪ್ರಾಣಿಗಳು ಹೆದರಿ ಓಡುತ್ತವೆ ಎಂದು ದೊಡ್ಡ ಭಾಷಣ ಮಾಡಿದೆ.

"ನಾವು ಹುಲಿ ನೋಡ್ತೀವಲ್ಲ, ಅದೂ ನಮ್ಮುನ್ನ ನೋಡ್ಲಿ ಬಿಡಲೇ," ಅಂದಳು ಅವ್ವ. ಅಂದರೂ ಕೊನೆಗೆ ನನ್ನ ಮಾತು ನಂಬಿ, ಗೋಣಿಚೀಲದ ಬಣ್ಣದ ಕಾಟನ್ ಸೀರೆ ಉಟ್ಟು ಬಂದಳು.

ಸಫಾರಿ ಬಸ್ಸಿನಲ್ಲಿ ಉಳಿದವರೆಲ್ಲ ಮದುವೆ ದಿಬ್ಬಣದ ಹಾಗಿದ್ದರು. ಅವರ ನಡುವೆ ನಾವಿಬ್ಬರು ಒಣಗಿದ ಎರಡು ಪೊದೆ. ಹುಲಿ ಅವರ್ಯಾರಿಗೂ ಹೆದರದೆ ಬಂದು, ನಿಧಾನವಾಗಿ ದಾರಿ ದಾಟಿ ಹೋಯಿತು. ನಾನು ದುರ್ಬೀನು ಹುಡುಕುತ್ತಾ ಜೇಬಿನಿಂದ ಜೇಬಿಗೆ ಅಲೆಯುತ್ತಿದ್ದೆ. ನನ್ನ ಪಾಲಿಗೆ ಬಾಲ ಸಿಕ್ಕಿತು. ಅವ್ವ ಪೂರ್ತಿ ನೋಡಿದಳು. "ಎಷ್ಟು ಚೆಂದ ಉಟ್ಕಂಡು ಬಂದಿತ್ತಲೇ," ಅಂದಳು.

ವಾಪಸು ಬರುವಾಗ ಮತ್ತೆ ಮೊಬೈಲು ತೆರೆದೆ. ಹುಲಿಯ ಕಣ್ಣಿಗೆ ಕೆಂಪು ಕೆಂಪಾಗಿ ಕಾಣುವುದೇ ಇಲ್ಲವಂತೆ. ಈ ವಿದ್ಯೆಯನ್ನು ಹೋಗುವ ಮೊದಲೇ ಸಂಪಾದಿಸಬಹುದಿತ್ತು.

ಸೀರೆ ಈಗಲೂ ಬೀರುವಿನಲ್ಲಿದೆ. ಒಂದು ದಿನ ಊರೊಳಗೇ ಉಟ್ಟುಕೋ ಎಂದು ಗೋಗರೆದೆ.

"ಇಲ್ಲಿ ಉಟ್ರೆ ಎಲ್ರೂ ಎಳೆ ನೋಡ್ತಾರೆ, ನೇಯ್ಗೆ ಎಲ್ಲಿ ತಪ್ಪೈತೆ ಅಂತ. ಉಟ್ಟೋಳ್ನ ಯಾರು ನೋಡ್ತಾರಪ್ಪಾ?"

ಕಾಡಿನಲ್ಲಿ ಉಟ್ಟಿದ್ದರೆ ಹುಲಿ ನೋಡುತ್ತಿತ್ತು. ಅದಕ್ಕೆ ಎಳೆಯೂ ತಿಳಿಯದು, ಕೆಂಪೂ ಕಾಣದು. ಬೇರೆ ದಾರಿಯಿಲ್ಲದೆ ಅವ್ವನನ್ನೇ ನೋಡಬೇಕಾಗುತ್ತಿತ್ತು.