ಬಾಗಿಲಿಗೆ ಕಟ್ಟಿದ ಕುತ್ತಿಗೆ

ಮೊದಲು ಬಿದ್ದದ್ದು ಸೀಮೆಸುಣ್ಣ. ಬೋರ್ಡಿನ ಮೇಲೆ ‘ಈ’ ಬರೆಯುತ್ತಿದ್ದೆ, ಅರ್ಧದಲ್ಲಿ ಕೈಯಿಂದ ಜಾರಿತು. ಎತ್ತಿಕೊಂಡೆ. ಮತ್ತೆ ಜಾರಿತು. ಮಕ್ಕಳಿಗೆ ಅದೊಂದು ಆಟವೆನಿಸಿ ಮೂರನೆಯ ಸಲ ತಾವೇ ಓಡಿಬಂದು ಎತ್ತಿಕೊಟ್ಟರು. ನಾನೂ ನಕ್ಕೆ.

ಆದರೆ ಹೆಬ್ಬೆರಳಿಗೂ ತೋರುಬೆರಳಿಗೂ ಸೀಮೆಸುಣ್ಣ ತಾಕಿದ್ದೇ ತಿಳಿಯುತ್ತಿರಲಿಲ್ಲ.

ಮುದ್ದೇಬಿಹಾಳದಿಂದ ಬಸ್ಸಿನಲ್ಲಿ ಅರ್ಧ ಗಂಟೆ ದೂರದ ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ನಾನು ಒಂದನೆಯ ತರಗತಿಯ ಶಿಕ್ಷಕಿ. ಇಪ್ಪತ್ತೆರಡು ವರ್ಷದಿಂದ ಅದೇ ತರಗತಿ. ದೊಡ್ಡ ತರಗತಿ ಕೊಡುತ್ತೇವೆ ಎಂದರೂ ಬೇಡ ಎಂದವಳು. ಮಗುವಿನ ಪಕ್ಕ ಕುಕ್ಕರುಗಾಲಿನಲ್ಲಿ ಕೂತು, ತಲೆ ಬಗ್ಗಿಸಿ, ಅದರ ಪುಟ್ಟ ಕೈಯನ್ನು ನನ್ನ ಕೈಯೊಳಗೆ ಹಿಡಿದು ಪಾಟಿಯ ಮೇಲೆ ಅಕ್ಷರ ತಿದ್ದಿಸುವುದು ನನ್ನ ಕೆಲಸ. ನನಗೆ ಚೆನ್ನಾಗಿ ಬರುವುದೂ ಅದೊಂದೇ. ಹಾಗೆ ಬಗ್ಗಿ ಬಗ್ಗಿಯೇ ಕುತ್ತಿಗೆ ಸವೆದಿತ್ತು.

ವಿಜಯಪುರದಲ್ಲಿ ಎಂಆರ್‌ಐ ಆಯಿತು. ಸರ್ವೈಕಲ್ ಸ್ಪಾಂಡಿಲೋಸಿಸ್, ಒಂದು ಡಿಸ್ಕ್ ನರವನ್ನು ಒತ್ತುತ್ತಿದೆ ಎಂದರು ಡಾಕ್ಟರು. “ಫಿಸಿಯೋಥೆರಪಿ ಮಾಡಸ್ರಿ, ಟ್ರ್ಯಾಕ್ಷನ್ ಹಾಕಸ್ರಿ. ಎರಡು ತಿಂಗಳದಾಗ ಕೈಗೆ ಶಕ್ತಿ ಬರಲಿಲ್ಲಂದ್ರ ಆಪರೇಷನ್ ವಿಚಾರ ಮಾಡೂಣು.”

ಆಪರೇಷನ್.

ನಮ್ಮ ಮನೆಯವರು ಮುದ್ದೇಬಿಹಾಳದ ಪೇಟೆಯಲ್ಲಿ ಕಾಳುಕಡಿ ಅಂಗಡಿ ಇಟ್ಟವರು, ಐದು ನಿಮಿಷ ಬಾಯಿ ಮುಚ್ಚಿ ಕೂರುವ ಜಾಯಮಾನದವರಲ್ಲ. ಆ ದಿನ ಬಸ್ಸು ಬಸವನ ಬಾಗೇವಾಡಿ ದಾಟುವ ಹೊತ್ತಿಗೆ ಆಡಿದ್ದು ಒಂದೇ ಮಾತು: “ಆಪರೇಷನ್ ಬ್ಯಾಡ ಶೈಲಾ. ನಿನ್ನ ಕುತ್ತಿಗಿ ನಾ ನೋಡ್ಕೋತೇನಿ.”

ನನ್ನ ಹೆದರಿಕೆಯೇ ಬೇರೆ. ವಿಷಯ ತಿಳಿದ ಹೆಡ್ ಮಾಸ್ತರರು ಮರುದಿನವೇ ಕರೆದು, “ಅಕ್ಕೋರ, ನೀವು ಐದನೇ ಕ್ಲಾಸ್ ತಗೋರಿ. ಅಲ್ಲಿ ಕೈ ಹಿಡದು ಬರಸೂದು ಇರೂದಿಲ್ಲ” ಎಂದರು. ಅವರು ಒಳ್ಳೆಯದಕ್ಕೇ ಹೇಳಿದ್ದು. ಆದರೆ ಕೈ ಹಿಡಿದು ಬರೆಸದಿದ್ದರೆ ನಾನು ಮಾಡುವುದೇನು? ಎರಡು ತಿಂಗಳು ತಡೆಯಿರಿ ಸರ್, ಬೆರಳು ಸರಿಹೋಗದಿದ್ದರೆ ನಾನೇ ಬಿಡುತ್ತೇನೆ ಎಂದು ಕೇಳಿಕೊಂಡೆ.

ನಮ್ಮೂರಿನ ಕ್ಲಿನಿಕ್ಕಿನ ಫಿಸಿಯೋಥೆರಪಿಸ್ಟ್ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಗದ್ದಕ್ಕೂ ಹಿಂದಲೆಗೂ ಪಟ್ಟಿ ಕಟ್ಟಿ, ಕುತ್ತಿಗೆ ಎಳೆಯುವ ಟ್ರ್ಯಾಕ್ಷನ್ ಮೆಷಿನ್ ಶುರು ಮಾಡಿದಳು. ಹದಿನೈದು ನಿಮಿಷ. ಎದ್ದು ಕೂತಾಗ ತಲೆ ನನ್ನದಲ್ಲ ಅನ್ನಿಸಿತು. ತುಂಬಿದ ಕೊಡ ಇಳಿಸಿದ ಕೂಡಲೇ ತಲೆ ತಾನಾಗಿ ಮೇಲೆದ್ದಂತೆ ಆಗುತ್ತದಲ್ಲ, ಹಾಗೆ. ಕಿವಿಯಲ್ಲಿ ಟಪ್ ಎಂದಿತು. ಒಂದರ ಹಿಂದೊಂದು ಆಕಳಿಕೆ. ಚಪ್ಪಲಿ ಮೆಟ್ಟಲು ಹೋದರೆ ನೆಲ ನಾಲ್ಕು ಬೆರಳು ಕೆಳಗೆ ಸರಿದಿತ್ತು. ಮನೆಗೆ ಬಂದು ಕನ್ನಡಿಯ ಮುಂದೆ ನಿಂತು ಕುತ್ತಿಗೆ ಉದ್ದವಾಗಿದೆಯೇ ಎಂದು ನೋಡಿಕೊಂಡೆ. ನಾಚಿಕೆಯಾಗಬೇಕು, ಆದರೆ ನೋಡಿಕೊಂಡೆ. ಉದ್ದವಾಗಿರಲಿಲ್ಲ. ದವಡೆ ಮಾತ್ರ ಎಷ್ಟು ನೋಯುತ್ತಿತ್ತೆಂದರೆ ಖಡಕ್ ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ನುಂಗಬೇಕಾಯಿತು.

“ಹೊಸದರಾಗ ಇವೆಲ್ಲಾ ಆಗ್ತಾವ್ರಿ, ಅಂಜಬ್ಯಾಡ್ರಿ” ಎಂದಳು ಆಕೆ. “ತಲಿ ಭಾಳ ತಿರಗಿದ್ರ, ಜೋಮು ಹೆಚ್ಚಾದ್ರ ಮಾತ್ರ ಬಂದ್ ಮಾಡಿ ನನಗ ಫೋನ್ ಹಚ್ರಿ.”

ಹತ್ತು ದಿನಕ್ಕೆ ಬೆರಳಲ್ಲಿ ಸ್ವಲ್ಪ ಜೀವ ಬಂತು. ಇನ್ನು ಮನೆಯಲ್ಲೇ ಮಾಡಿಕೊಳ್ಳಿ ಎಂದು ಒಂದು ಕಿಟ್ ಕೊಟ್ಟಳು. ಬಾಗಿಲ ಮೇಲೆ ಸಿಕ್ಕಿಸುವ ರಾಟೆ, ಹಗ್ಗದ ಒಂದು ತುದಿಗೆ ನನ್ನ ತಲೆ, ಇನ್ನೊಂದು ತುದಿಗೆ ನಾಲ್ಕು ಕಿಲೋ ನೀರಿನ ಚೀಲ. ಎರಡೇ ದಿನಕ್ಕೆ ಆ ಚೀಲ ಸೋರತೊಡಗಿತು. ಮನೆಯವರು ಅದನ್ನು ಬಿಸಾಡಿ, “ನಾಕ ಕಿಲೋ ಅಂದ್ರ ನೀರಾದ್ರೇನು, ಕಾಳಾದ್ರೇನು?” ಎಂದು ಅಂಗಡಿಯಿಂದ ಜೋಳ ತೂಗಿ ಬಟ್ಟೆಯ ಚೀಲದಲ್ಲಿ ತಂದರು. ದಿನವೂ ಸಂಜೆ ಚಹಾ ಆದ ಮೇಲೆ ನಾನು ಬಾಗಿಲಿಗೆ ಬೆನ್ನು ಮಾಡಿ ಕೂರುವುದು, ಅವರು ಹಿಂದಿನಿಂದ ಚೀಲ ಕಟ್ಟುವುದು.

“ಆರಾಮ ಅನಸಾಕತ್ತೇತೇನು?”

“ತುಸು ಐತ್ರಿ.”

ಆ ತುಸು ಆರಾಮ ಒಂದು ವಾರದೊಳಗೆ ಹಾರಿಹೋಯಿತು. ಹಿಂದಲೆಯಲ್ಲಿ ನೋವು. ಕಿವಿಯಲ್ಲಿ ಹಿಟ್ಟಿನ ಗಿರಣಿ. ಬಸ್ಸಿನಿಂದ ಇಳಿದರೆ ಶಾಲೆಯ ಗೋಡೆ ಒಂದು ಕಡೆಗೆ ವಾಲಿದಂತೆ ಕಾಣುವುದು. ಬೆರಳ ಜೋಮು ಮೊಣಕೈಗೆ ಏರಿತು. ಫೋನ್ ಮಾಡಬೇಕಿತ್ತು, ಮಾಡಲಿಲ್ಲ. ಕಹಿ ಹೆಚ್ಚಿದ್ದಷ್ಟೂ ಔಷಧ ನಾಟುತ್ತದೆ ಎಂದು ನಂಬಿದವರ ಪೈಕಿ ನಾನು. ಮಕ್ಕಳಿಗೆ ಹೇಳಿದ್ದು ಕೇಳಬೇಕು ಎಂದು ಪಾಠ ಮಾಡುವವಳೂ ನಾನೇ.

ಒಂದು ಬೆಳಿಗ್ಗೆ ಸೀರೆಗೆ ಪಿನ್ನು ಹಾಕಿಕೊಳ್ಳಲು ಆಗಲಿಲ್ಲ.

ಮಂಚದ ಮೇಲೆ ಕೂತು ಅತ್ತುಬಿಟ್ಟೆ. ಕಿಟ್ಟನ್ನೂ ನನ್ನನ್ನೂ ಮೋಟಾರ್‌ಸೈಕಲ್ ಮೇಲೆ ಹೇರಿಕೊಂಡು ಮನೆಯವರು ಕ್ಲಿನಿಕ್ಕಿಗೆ ಓಡಿದರು. ಆಕೆ ತನ್ನ ಎರಡು ಬೆರಳನ್ನು ನನ್ನ ಮುಷ್ಟಿಯೊಳಗಿಟ್ಟು, “ಹಿಚುಕ್ರಿ ಅಕ್ಕೋರ” ಎಂದಳು. ಸ್ವಲ್ಪ ತಡೆದು, “ಹಿಚುಕ್ರಿ” ಎಂದು ಮತ್ತೆ ಹೇಳಿದಳು.

“ಹಿಚುಕಾಕತ್ತೇನವಾ” ಎಂದೆ.

ಆಕೆ ಜೋಳದ ಚೀಲವನ್ನು ತೂಕದ ಯಂತ್ರದ ಮೇಲಿಟ್ಟಳು. ಏಳು ಕಿಲೋ ಚಿಲ್ಲರೆ.

“ಕಾಕಾ, ಇದನ್ನ ಯಾರು ತುಂಬಿದ್ರಿ?”

“ನಾನರೀ. ನಾಕ ಕಿಲೋನ ತೂಗೇನಿ.” ಮನೆಯವರ ದನಿ ಇಳಿಯಿತು. “ಮ್ಯಾಲ ಒಂದು ಬೊಗಸಿ ಕೊಸರು ಹಾಕೇನ್ರಿ.”

“ಒಂದ ಬೊಗಸಿಗೆ ಇಷ್ಟ ಆಗೂದಿಲ್ಲ.”

“ದಿನಾ ಒಂದು ಹಾಕೇನ್ರಿ. ಆಕಿ ತುಸು ಆರಾಮ ಅಂದ್ಲು, ಇನ್ನೊಂದು ತುಸು ಆಗಲಿ ಅಂತ. ನಮ್ಮ ಅಂಗಡ್ಯಾಗ ಯಾರಿಗೂ ಬರೇ ತೂಕ ಕೊಟ್ಟು ಕಳಿಸಿಲ್ಲರಿ, ಕೊಸರು ಹಾಕೇ ಕಳಸ್ತೇವಿ. ಮನಿಯಾಕಿಗೆ ಹೆಂಗ ಬಿಡ್ಲಿ?”

ಆ ಹುಡುಗಿ ಚೀಲವನ್ನು ಯಂತ್ರದಿಂದ ಇಳಿಸಿದಳು. “ಕಾಕಾ, ಇದು ಕುತ್ತಿಗಿರಿ, ಗಿರಾಕಿ ಅಲ್ಲ” ಎಂದಳು. ನನಗೆ ಸಿಟ್ಟು ನೆತ್ತಿಗೇರಿತ್ತು. ಆದರೆ ಮೂವತ್ತು ವರ್ಷ ಊರಿಗೆಲ್ಲ ಕೊಸರು ಹಾಕಿದ ಮನುಷ್ಯ ನನ್ನೆದುರು ತಪ್ಪು ಮಾಡಿದ ಹುಡುಗನಂತೆ ತಲೆ ತಗ್ಗಿಸಿ ನಿಂತದ್ದನ್ನು ನೋಡಿ, ಅಳುವಿನ ನಡುವೆಯೇ ನಗು ಕಿತ್ತುಕೊಂಡು ಬಂತು. ನಕ್ಕರೆ ಕುತ್ತಿಗೆ ಚುರ್ ಎನ್ನುತ್ತಿತ್ತು. ಆದರೂ ನಿಲ್ಲಲಿಲ್ಲ.

ವಿಜಯಪುರದ ಡಾಕ್ಟರಿಗೆ ಫೋನ್ ಹೋಯಿತು. ಟ್ರ್ಯಾಕ್ಷನ್ ಪೂರ್ತಿ ಬಂದ್. ಎರಡು ವಾರ ಕುತ್ತಿಗೆಗೆ ಕಾಲರ್, ಆಮೇಲೆ ಬರೀ ವ್ಯಾಯಾಮ. ಮನೆಯವರು ಆ ಜೋಳವನ್ನು ಬೀಸಿಸಿಕೊಂಡು ಬಂದರು. ನನ್ನ ಕುತ್ತಿಗೆ ಎಳೆದ ಜೋಳದ ರೊಟ್ಟಿಯನ್ನು ವಾರಗಟ್ಟಲೆ ತಿಂದೆವು, ರುಚಿಯಾಗಿಯೇ ಇತ್ತು. ವ್ಯಾಯಾಮ ಎಣಿಸುವ ಕೆಲಸ ಅವರದಾಯಿತು. ಹತ್ತು ಎಂದರೆ ಹತ್ತು. ಹನ್ನೊಂದಕ್ಕೆ ನಾನು ಹೋದರೆ, “ಸಾಕು ಸಾಕು” ಎಂದು ಗಾಬರಿಯಾಗುತ್ತಿದ್ದರು.

ತಲೆ ತಿರುಗುವುದು ಮೊದಲು ನಿಂತಿತು. ಆಮೇಲೆ ಕಿವಿಯ ಗಿರಣಿ. ಜೋಮು ಮೊಣಕೈಯಿಂದ ಮಣಿಕಟ್ಟಿಗೆ, ಅಲ್ಲಿಂದ ಬೆರಳಿಗೆ ನಿಧಾನವಾಗಿ ಇಳಿಯಿತು. ಪೂರ್ತಿ ವಾಸಿಯಾಗಿದೆ ಎನ್ನಲಾರೆ. ಚಳಿಯ ಬೆಳಿಗ್ಗೆ ಹೆಬ್ಬೆರಳ ತುದಿ ಇವತ್ತಿಗೂ ನನ್ನ ಮಾತು ಕೇಳುವುದಿಲ್ಲ. ಸದ್ಯಕ್ಕೆ ಆಪರೇಷನ್ ಬೇಡ ಎಂದಿದ್ದಾರೆ. ಆ ‘ಸದ್ಯಕ್ಕೆ’ ಎಂಬುದಕ್ಕೂ ನಾನು ಋಣಿ.

ಹೆಡ್ ಮಾಸ್ತರರಿಗೆ ಕೊಟ್ಟ ಗಡುವು ಮುಗಿಯುವ ವಾರ. ಮಕ್ಕಳ ಮಟ್ಟಕ್ಕೆ ಬರುವಂತೆ ಒಂದು ಗಿಡ್ಡ ಸ್ಟೂಲ್ ಹಾಕಿಕೊಂಡು, ಕುತ್ತಿಗೆ ನೆಟ್ಟಗಿಟ್ಟು, ಭಾಗ್ಯಶ್ರೀ ಎಂಬ ಹುಡುಗಿಯ ಕೈ ಹಿಡಿದೆ. ಪಾಟಿಯ ಮೇಲೆ ‘ಅ’ ಅರ್ಧ ಸುತ್ತಿತ್ತು. ಹುಡುಗಿ ಕೈ ಕೊಸರಿದಳು.

“ಅಕ್ಕೋರ, ಸಾವಕಾಶ ಹಿಡೀರಿ. ಕೈ ನೋಯ್ತೈತ್ರಿ.”

ಹಿಡಿತ ಸಡಿಲಿಸಿದೆ. “ಖರೇನ ನೋಯ್ತೈತೇನವಾ?”

“ಹೌದ್ರಿ” ಎಂದಳು, ಮುಖ ಊದಿಸಿಕೊಂಡು.

ಇಪ್ಪತ್ತೆರಡು ವರ್ಷದಲ್ಲಿ ಯಾವ ಮಗುವಿನ ಮಾತೂ ನನಗೆ ಇಷ್ಟು ಸಂತೋಷ ಕೊಟ್ಟಿರಲಿಲ್ಲ.