ಇನ್ನೊಂದು ಕಡುಬು

ಅಕ್ಕನ ಸೌಟು ಎಡಭುಜದ ಪಕ್ಕ ಕಾಣಿಸಿತೆಂದರೆ ತಟ್ಟೆಗೆ ಕೈ ಅಡ್ಡ ಹಿಡಿದರೂ ಪ್ರಯೋಜನವಿರಲಿಲ್ಲ. ಬೆರಳ ಸಂದಿಯಲ್ಲೇ ಸಾರು ಬಿಟ್ಟುಬಿಡುತ್ತಿದ್ದರು. ಬಿಸಿ ತಾಗಿ ಕೈ ತೆಗೆದರೆ ಆ ಜಾಗದಲ್ಲಿ ಕಡುಬೊಂದು ಬಂದು ಕೂತಿರುತ್ತಿತ್ತು. ಗಿಡ್ಡ ಬೆರಳುಗಳ ದಪ್ಪ ಕೈ, ಮಣಿಕಟ್ಟಿನ ತುಂಬ ಹಬೆ ತಾಗಿದ ಹಳೆಯ ಕಲೆಗಳು. ‘ಬೇಡ’ ಅನ್ನುವುದು ಆ ಕೈಗೆ ಅರ್ಥವಾಗುತ್ತಲೇ ಇರಲಿಲ್ಲ.

ಮಡಿಕೇರಿಯಿಂದಾಚೆ ಬೆಟ್ಟದ ಮೈಯಲ್ಲಿ, ಕಾಫಿ ತೋಟದ ನಡುವೆ, ಅವರದೊಂದು ಸಣ್ಣ ಹೋಮ್‌ಸ್ಟೇ; ಬಂದವರಿಗೆಲ್ಲ ಅವರು ಅಕ್ಕ. ಶಾಲೆಯಲ್ಲಿ ಟೀಚರಾಗಿರುವ ನಾನು, ನನ್ನ ಗಂಡ, ಮಗಳು ಪ್ರತಿ ಮಳೆಗಾಲ ಮೈಸೂರಿನಿಂದ ಅಲ್ಲಿಗೆ ಹೋಗುತ್ತಿದ್ದೆವು. ಮಳೆ ನೋಡಲು ಎಂದು ಎಲ್ಲರಿಗೂ ಹೇಳುತ್ತಿದ್ದೆ. ನಿಜ ಹೇಳಬೇಕೆಂದರೆ ತಿನ್ನಲು. ಎಳೆ ಬಿದಿರಿನ ಕಣಿಲೆ ಸಾರು, ಕೆಸುವಿನೆಲೆಯ ಪತ್ರೊಡೆ, ಒಲೆಯಿಂದ ಆಗಷ್ಟೇ ಇಳಿದ ಕಡುಬು. ತಿನ್ನುವ ವಿಷಯದಲ್ಲಿ ನನಗೆ ಮೊದಲಿಂದಲೂ ನಾಚಿಕೆ ಇಲ್ಲ, ಅದಕ್ಕೇ ಅಕ್ಕನಿಗೆ ನನ್ನನ್ನು ಕಂಡರೆ ಒಂದು ತೂಕ ಹೆಚ್ಚು ಪ್ರೀತಿ. ದುಡ್ಡು ಕೊಟ್ಟು ಬಂದವರನ್ನೂ ಅವರು ನೆಂಟರು ಅಂತಲೇ ಕರೆಯುತ್ತಿದ್ದರು. ಯಾರಾದರೂ ತಟ್ಟೆಯ ಫೋಟೋ ತೆಗೆಯುತ್ತ ಕೂತರೆ, “ಫೋನಿಗೆ ಹಸಿವುಂಟಾ? ನೀವು ತಿನ್ನಿ ಮೊದಲು” ಎಂದು ಗದರುತ್ತಿದ್ದರು. ಹೊರಟು ನಿಂತವರನ್ನೂ ಬಿಡುತ್ತಿರಲಿಲ್ಲ. “ಹೊಟ್ಟೆ ತುಂಬಿದವ್ರಿಗೆ ದಾರಿ ಹತ್ರ” ಅನ್ನುವುದು ಅವರ ಮಾತು. ಬರಿ ಹೊಟ್ಟೆಯಲ್ಲಿ ಅವರ ಅಂಗಳ ದಾಟಿದವರನ್ನು ನಾನು ಕಂಡಿಲ್ಲ.

ತೋಟದ ಮೇಲಿನ ತುದಿಯಲ್ಲಿ ಅವರ ಯಜಮಾನರ ಅಣ್ಣ ಒಬ್ಬರೇ ಇರುತ್ತಿದ್ದರು. ಮದುವೆಯಾಗದ ಮನುಷ್ಯ. ಅಕ್ಕ ಅವರನ್ನು ಭಾವ ಎನ್ನುತ್ತಿದ್ದರು. ಕಾಲಿನ ಹುಣ್ಣು ವಾಸಿಯಾಗದೆ ಅವರಿಗೆ ನಡೆಯಲು ಆಗುತ್ತಿರಲಿಲ್ಲ. ಮೂರು ಹೊತ್ತೂ ಊಟ ಇಲ್ಲಿಂದಲೇ ಕ್ಯಾರಿಯರಿನಲ್ಲಿ ಹೋಗುತ್ತಿತ್ತು. ಅವರಿಗೆ ಕಳಿಸದೆ ಅಕ್ಕ ತಾನು ಬಾಯಿಗೆ ಒಂದು ತುತ್ತು ಹಾಕಿದ್ದಿಲ್ಲ.

ಒಂದು ವರ್ಷದ ಆಗಸ್ಟ್ ಮಳೆ ಬೇರೆಯೇ ಆಗಿತ್ತು. ಒಂದು ಬೆಳಿಗ್ಗೆ ಅಂಗಳ ಉದ್ದಕ್ಕೆ ಬಿರುಕು ಬಿಟ್ಟು, ಕೆಳಗಿನ ಹೊಳೆಯ ನೀರು ಕೆಂಪಾಗಿ ಹರಿಯಿತು. ಎಲ್ಲರೂ ಕೆಳಗಿನ ಶಾಲೆಗೆ ಹೋಗುವುದೆಂದು ತೀರ್ಮಾನವಾಯಿತು. ಇದ್ದದ್ದು ಒಂದೇ ಜೀಪು. ನಾವು ಮೂವರು, ಬೆಂಗಳೂರಿನ ಇನ್ನೊಂದು ಕುಟುಂಬ, ಅಕ್ಕ, ಇಷ್ಟಕ್ಕೇ ಅದು ತುಂಬುತ್ತಿತ್ತು. ನಮ್ಮನ್ನು ಇಳಿಸಿ, ತಿರುಗಿ ಬಂದು ಅಣ್ಣನನ್ನು ಕರೆದೊಯ್ಯುವುದು ಯಜಮಾನರ ಲೆಕ್ಕ.

ಬ್ಯಾಗುಗಳನ್ನು ಜೀಪಿಗೆ ಹಾಕಿದ್ದಾಗಿತ್ತು. ಆಗ ಅಕ್ಕ ಅಡುಗೆಮನೆಯಿಂದ ಬಂದು, “ಕಡುಬು ಬೆಂದುಂಟು. ಮಕ್ಕಳನ್ನ ಖಾಲಿ ಹೊಟ್ಟೇಲಿ ಕರ್ಕೊಂಡು ಹೋಗುದಾ? ಕೂತ್ಕೊಳ್ಳಿ” ಎಂದರು. ಕೂತೆವು. ಹೊರಗೆ ಬೆಟ್ಟ ಸಡಿಲವಾಗುತ್ತಿದ್ದಾಗ ನಾನು ಚಟ್ನಿ ಕೇಳಿದೆ. ಇನ್ನೊಂದು ಕಡುಬು ಬಂದಾಗ ಕೈ ಅಡ್ಡ ಹಿಡಿಯಲೂ ಇಲ್ಲ.

ಶಾಲೆಯ ಜಗಲಿಯಲ್ಲಿ ಅಕ್ಕ ನನ್ನ ಪಕ್ಕವೇ ಕೂತಿದ್ದರು, ಭಾವನ ಪಾಲನ್ನು ಕ್ಯಾರಿಯರಿನಲ್ಲಿ ಹಾಕಿ ಮಡಿಲಲ್ಲಿಟ್ಟುಕೊಂಡು. ಅಣ್ಣನನ್ನು ಕರೆತರಲು ಜೀಪಿನಲ್ಲಿ ಹೋಗಿದ್ದ ಯಜಮಾನರು ನಡೆದುಕೊಂಡು ವಾಪಸು ಬಂದರು. ಮೊಣಕಾಲಿನ ತನಕ ಕೆಸರು. ಗುಡ್ಡದ ಬರೆ ಕುಸಿದಿದೆ, ರಸ್ತೆ ಇಲ್ಲ, ಅಣ್ಣನ ಮನೆಯೂ ಇಲ್ಲ ಎಂದರು. ಅಕ್ಕ ಬೆಚ್ಚಗಿದ್ದ ಕ್ಯಾರಿಯರನ್ನು ಎರಡೂ ಕೈಯಲ್ಲಿ ಹಿಡಿದೇ ಇದ್ದರು.

ಮುಂದಿನ ವರ್ಷ ಹೋಗುವುದೋ ಬೇಡವೋ ಎಂದು ಮನೆಯಲ್ಲಿ ದೊಡ್ಡ ಚರ್ಚೆ. ಜನ ಹೋದರೆ ತಾನೇ ಅಲ್ಲಿನವರ ಬದುಕು ಹಳಿಗೆ ಬರುವುದು ಎಂದರು ಸ್ನೇಹಿತರು. ಉಪಕಾರ ಮಾಡುವವರ ಮುಖ ಹೊತ್ತುಕೊಂಡೇ ಹೋದೆವು. ದಾರಿಯುದ್ದಕ್ಕೂ ಹೊಸ ತಡೆಗೋಡೆಗಳು, ಪ್ಲಾಸ್ಟಿಕ್ ಹೊದಿಸಿದ ಕೆಂಪು ಬರೆಗಳು, ಅದರ ಪಕ್ಕದಲ್ಲೇ ಹೊಸ ಬಣ್ಣ ಬಳಿದ ಹೋಮ್‌ಸ್ಟೇ ಬೋರ್ಡುಗಳು.

ಅಕ್ಕ ನಗುತ್ತಲೇ ಬರಮಾಡಿಕೊಂಡರು. ಊಟಕ್ಕೆ ಕೂತೆವು. ಒಂದು ಸಲ ಬಡಿಸಿ, ಪಾತ್ರೆಗಳನ್ನು ಮೇಜಿನ ಮೇಲಿಟ್ಟು, “ಬೇಕಾದ್ದು ಹಾಕ್ಕೊಳ್ಳಿ” ಎಂದು ಒಳಗೆ ಹೋದರು. ಹಿಂತಿರುಗಿ ಬರಲಿಲ್ಲ. ನಾನು ತಟ್ಟೆಯನ್ನು ಪಕ್ಕಕ್ಕೆ ಸರಿಸಿದೆ. ಎದ್ದು ಅಡುಗೆಮನೆಗೆ ಹೋದೆ.

“ಬರೆ ಯಾವಾಗ ಬಿತ್ತೋ ಯಾರಿಗೂ ಗೊತ್ತಿಲ್ಲ ಅಕ್ಕ” ಎಂದೆ. ಮೈಸೂರಿನಿಂದ ದಾರಿಯುದ್ದಕ್ಕೂ ಹೊಂದಿಸಿಕೊಂಡು ಬಂದಿದ್ದ ಮಾತು ಅದು.

“ಎಲ್ಲರೂ ಅದೇ ಹೇಳ್ತಾರೆ ಟೀಚರೇ. ಅವ್ರು ಯಾರೂ ಇಲ್ಲಿ ಇರ್ಲಿಲ್ಲ. ನೀವು ಇದ್ರಿ. ಎಷ್ಟು ಹೊತ್ತು ಕೂತಿದ್ದೆವು ಅಂತ ನಿಮಗೆ ಗೊತ್ತುಂಟು.”

“ಗೊತ್ತು.”

“ಕೂರಿಸಿದ್ದು ನಾನು.”

“ಕೂತಿದ್ದು ನಾನು” ಎಂದೆ.

ಅವರು ಒಲೆಯ ಕಡೆ ತಿರುಗಿದರು. “ನಿಮ್ಮನ್ನ ಗೇಟಲ್ಲಿ ನೋಡಿದ ಕೂಡ್ಲೆ ಸಿಟ್ಟು ಬಂತು ನಂಗೆ. ಸುಳ್ಳು ಯಾಕೆ ಹೇಳ್ಲಿ? ಬರದೆ ಇದ್ದಿದ್ರೆ ಇನ್ನೂ ಸಿಟ್ಟು ಬರ್ತಿತ್ತು. ಬೇರೆ ಯಾರ ಹತ್ರ ಮಾತಾಡುದು ನಾನಿದನ್ನ? ಬನ್ನಿ. ಪ್ರತಿ ವರ್ಷ ಬನ್ನಿ.”

ಹಾಗೆ ಹೋಗುತ್ತಲೇ ಇದ್ದೆವು. ಅದು ರಜೆಯೂ ಅಲ್ಲ, ಉಪಕಾರವೂ ಅಲ್ಲ. ಪ್ರತಿ ಸಲವೂ ಅಡುಗೆಮನೆಯಲ್ಲಿ ಇಬ್ಬರೇ ಉಳಿದಾಗ ಅದೇ ಮಾತು ಬರುತ್ತಿತ್ತು, ನಾನು ಅದೇ ಉತ್ತರ ಕೊಡುತ್ತಿದ್ದೆ. ತಪ್ಪನ್ನು ಸಮಪಾಲು ಹಂಚಿಕೊಂಡಿದ್ದೇವೆ ಎಂದುಕೊಂಡಿದ್ದೆ. ಅಷ್ಟರ ಮಟ್ಟಿಗೆ ನನ್ನ ಎದೆ ಹಗುರವೂ ಆಗುತ್ತಿತ್ತು. ಅವರು ಮಾತ್ರ ಯಾರನ್ನೂ ಒತ್ತಾಯ ಮಾಡಿ ಉಣ್ಣಿಸಿದ್ದನ್ನು ನಾನು ಮತ್ತೆ ನೋಡಲಿಲ್ಲ.

ಈ ಬೇಸಿಗೆಯಲ್ಲಿ ಅಕ್ಕ ತೀರಿಕೊಂಡರು. ಜ್ವರವೆಂದು ಮಲಗಿದವರು ಏಳಲಿಲ್ಲವಂತೆ. ತಿಥಿಯ ದಿನ ಹೋದೆವು. ಪಂಕ್ತಿ ಎದ್ದ ಮೇಲೆ ಯಜಮಾನರು ನನ್ನನ್ನು ಜಗಲಿಗೆ ಕರೆದರು. ಮಾತು ಕಡಿಮೆಯ ಮನುಷ್ಯ. ಇಷ್ಟು ವರ್ಷದಲ್ಲಿ ನನ್ನೊಡನೆ ಮಳೆ, ರಸ್ತೆ ಬಿಟ್ಟರೆ ಬೇರೆ ಏನೂ ಮಾತಾಡಿದವರಲ್ಲ.

“ಅವತ್ತು ಅವಳು ಜೀಪಿನ ಹತ್ರ ಬಂದು ಕೇಳಿದ್ಲು” ಎಂದರು. “ಉಣ್ಣಿಸ್ಲಿಕ್ಕೆ ಹೊತ್ತುಂಟಾ, ಮೊದ್ಲು ಭಾವನ್ನ ಕರ್ಕೊಂಡು ಬರ್ತೀರಾ ಅಂತ. ಹೊತ್ತುಂಟು, ಅವ್ರು ಉಣ್ಲಿ, ಅಣ್ಣಂಗೆ ಎಂತ ಆಗುದಿಲ್ಲ ಅಂದೆ. ನಾನೇ ಅಂದದ್ದು.” ಆಮೇಲೆ ಕೇಳಿದರು: “ನಿಮ್ಮ ಹತ್ರ ಎಲ್ಲ ಹೇಳ್ತಿದ್ಲು. ಇದನ್ನೂ ಹೇಳಿರ್ಬೇಕಲ್ಲ?”

“ಇಲ್ಲ” ಎಂದೆ. “ಒಂದು ಸಲವೂ ಇಲ್ಲ.”

ಅವರು ಹೆಗಲ ಟವೆಲನ್ನು ಮುಖಕ್ಕೆ ಒತ್ತಿಕೊಂಡರು.

“ನನ್ನ ಹತ್ರಾನೂ ಇಲ್ಲ” ಎಂದರು.