ಹೊಳೆಗಿಂತ ಮೊದಲು ತೆರೆಯಬೇಕಿದ್ದ ಪುಟ

ಮೇಡಂ ಅವರ ಎಡ ಮುಂಗೈಯಲ್ಲಿ ಒಂದು ನರ ಹಗ್ಗದಂತೆ ಉಬ್ಬಿತ್ತು. ಡಯಾಲಿಸಿಸ್‌ಗೆಂದು ಆಪರೇಷನ್ ಮಾಡಿ ಉಬ್ಬಿಸಿದ್ದು. ಬೆರಳಿಟ್ಟರೆ ಒಳಗೆ ಗುಂಯ್‌ಗುಡುತ್ತಿತ್ತು. "ಮುಟ್ಟಿ ನೋಡು, ಇನ್ನೂ ಕರೆಂಟ್ ಐತಿ" ಎಂದು ನಗುತ್ತಿದ್ದರು. ನನಗೆ ನಗು ಬರುತ್ತಿರಲಿಲ್ಲ.

ಕಾಲೇಜಿನಲ್ಲಿ ನನಗೆ ಕಂಪ್ಯೂಟರ್ ಕಲಿಸಿದವರು. ನಿವೃತ್ತರಾದ ಮೇಲೆ ಹೊಸಪೇಟೆಯ ಮನೆಯಲ್ಲೇ ಒಂದು ಸರ್ವರ್ ಇಟ್ಟುಕೊಂಡು ಕಂಪ್ಲಿ ಕಡೆಯ ಹೊಳೆದಂಡೆಯ ರೈತರಿಗಾಗಿ ಜಾಲತಾಣ ನಡೆಸುತ್ತಿದ್ದರು. ಡ್ಯಾಮಿನಿಂದ ನೀರು ಬಿಡುವ ಸುದ್ದಿ ಅದರಲ್ಲಿ ಬಂದರೆ ರೈತರು ಪಂಪ್‌ಸೆಟ್ಟುಗಳನ್ನು ಮೇಲೆತ್ತಿಕೊಳ್ಳುತ್ತಿದ್ದರು. ಒಂದೇ ವ್ಯವಸ್ಥೆಯೊಳಗೆ ಊರಿಗೊಂದು ತಾಣ. ಯಂತ್ರದ ಒಳಬಾಗಿಲಿಗೆ ಪೋರ್ಟ್ ಅನ್ನುತ್ತಾರೆ; ವಿಳಾಸದಲ್ಲಿ ಸಂಖ್ಯೆ ಹಾಕದಿದ್ದರೆ ತೆರೆಯುವ ಮಾಮೂಲಿ ಪೋರ್ಟ್‌ನಲ್ಲಿ ಅವರ ತಮ್ಮನ ಗೊಬ್ಬರದಂಗಡಿಯ ಪುಟ ಮೊದಲೇ ಕೂತಿದ್ದರಿಂದ ಊರಿನ ತಾಣಗಳಿಗೆ ಬೇರೆ ಸಂಖ್ಯೆಯ ಪೋರ್ಟ್ ಕೊಟ್ಟಿದ್ದರು. ಏನೇ ಬದಲಿಸಿದರೂ ಹೊರಗಿನ ಯಾರಿಗಾದರೂ ಫೋನ್ ಮಾಡಿ ಪುಟ ತೆರೆಯಿಸಿ ನೋಡುವರು. "ಒಳಗ ಕುಂತು ಕದ ತೆಗದ್ರ ಏನ್ ಬಂತು? ಹೊರಗ ನಿಂತವರಿಗೆ ತೆಗೀಬೇಕು."

ಅವತ್ತು ಬೆಳಿಗ್ಗೆ ನಾನು ಅವರ ಮನೆಯಲ್ಲಿದ್ದಾಗ, ಸಂಜೆಗೆ ಡ್ಯಾಮಿನಿಂದ ನೀರು ಬಿಡುತ್ತಾರೆಂಬ ಸುದ್ದಿ ಬಂತು. ಆಕಾಶದಲ್ಲಿ ಒಂದು ಮೋಡವೂ ಇರಲಿಲ್ಲ ಎಂದು ನೆನಪು. ಆ ನೆನಪನ್ನು ಪೂರ್ತಿ ನಂಬಲಾರೆ. ಮೇಡಂ ಸುದ್ದಿ ಹಾಕಿ ಕಂಪ್ಲಿಯ ರೈತರೊಬ್ಬರಿಗೆ ಫೋನ್ ಮಾಡಿದರು.

"ಮೇಡಂ, ಇಲ್ಲಿ ಯೂರಿಯಾ ರೇಟ್ ತೋರಸಾಕತ್ತೈತ್ರಿ. ನೀರಿಂದೇನಿಲ್ಲ."

ಹಿಂದಿನ ರಾತ್ರಿ ಮೇಡಂ ಎಲ್ಲವನ್ನೂ ಹೊಸದಾಗಿ ಜೋಡಿಸಿ, ಹೊತ್ತಾಯಿತೆಂದು ಯಾರಿಗೂ ಫೋನ್ ಮಾಡಿರಲಿಲ್ಲ; ಆಗ ಊರುಗಳ ವಿಳಾಸದಿಂದ ಪೋರ್ಟ್ ಸಂಖ್ಯೆ ಬಿಟ್ಟುಹೋಗಿತ್ತು. ನೀರಿನ ಸುದ್ದಿ ಹುಡುಕಿ ಬಂದವರೆಲ್ಲ ಗೊಬ್ಬರದಂಗಡಿಯ ಮುಂದೆ ನಿಲ್ಲುತ್ತಿದ್ದರು. ಈ ಒಬ್ಬರಿಗೆ ಬಾಯಲ್ಲೇ ಹೇಳಿದ್ದಾಯಿತು. ಉಳಿದ ದಂಡೆಯವರಿಗೆ?

ಡಯಾಲಿಸಿಸ್‌ಗೆ ಕರೆದೊಯ್ಯಲು ಆಟೊ ಬಂದು ನಿಂತಿತ್ತು.

"ನೀವು ಹೋಗಿ ಬರ್ರಿ ಮೇಡಂ, ನಾ ಮಾಡ್ತೀನಿ" ಎಂದೆ.

"ನೀ ಮಾಡೋದ್ರೊಳಗ ಹೊಳಿ ಬಂದು ಹೋಗಿರ್ತೈತಿ. ಸುಮ್ನ ಕುಂದ್ರು ಲೇ."

ಆಟೊ ಖಾಲಿಯಾಗಿ ವಾಪಸು ಹೋಯಿತು. ಸೆಟ್ಟಿಂಗ್ಸ್ ಪುಟ ಆ ಸಂಖ್ಯೆಯನ್ನು ಒಪ್ಪಲೇ ಇಲ್ಲ. ಮೇಡಂ ವಿಳಾಸಗಳೆಲ್ಲ ಕೂತಿರುವ ಡೇಟಾಬೇಸ್‌ಗೇ ಇಳಿದು ಒಂದೊಂದು ಊರಿನ ವಿಳಾಸಕ್ಕೂ ಅದನ್ನು ಕೈಯಾರೆ ಸೇರಿಸಿದರು. ಮುಖ ಊದಿತ್ತು. ಉಸಿರಿಗಾಗಿ ನಡುನಡುವೆ ನಿಲ್ಲಿಸುತ್ತಿದ್ದರು. ಮಧ್ಯಾಹ್ನ ಇಳಿಯುವಾಗ ಕಂಪ್ಲಿಯಿಂದ ಅದೇ ರೈತರು, "ಹಾಂ, ಈಗ ಬಂತ್ರಿ" ಎಂದರು.

ಮರುದಿನ ಅವರನ್ನು ಎತ್ತಿಕೊಂಡೇ ಆಸ್ಪತ್ರೆಗೆ ಹೋಗಬೇಕಾಯಿತು. ಜೀವಂತವಾಗಿ ಮರಳಲಿಲ್ಲ. ಒಂದು ದಿನ ತಪ್ಪಿದ್ದಕ್ಕೇ ಹೀಗಾಯಿತು ಅನ್ನಲಾಗದು ಎಂದರು ಡಾಕ್ಟರು. ನಿಜವಿರಬಹುದು. ನನ್ನ ಮುಖ ನೋಡಿ ಹಾಗೆ ಹೇಳಿರಲೂಬಹುದು.

ಹೊಳೆ ಇಳಿದ ಮೇಲೆ ಮೇಡಂ ಫೋನಿಗೆ ಆ ರೈತರ ಕರೆ ಬಂತು. ಮನೆಯಲ್ಲಿದ್ದ ನಾನೇ ಎತ್ತಿದೆ.

"ಮೇಡಂ ಅದಾರೇನ್ರಿ? ದಂಡಿ ಮ್ಯಾಗಿನ ಒಂದ್ ಮೋಟ್ರೂ ಕೊಚ್ಚಿ ಹೋಗ್ಲಿಲ್ಲ ಅಂತ ಹೇಳ್ರಿ. ಭಾಳ ಖುಷಿ ಪಡ್ತಾರ."

ಹೇಳುತ್ತೇನೆ ಎಂದೆ.